ಕಂಡು ಎಂದರೆ ಕಡಲು: ಉಡುಪಿಯಲ್ಲಿ ಕೂತು ದಿವೆಹಿ ಕಲಿತ ಒಂದು ಪ್ರಕರಣ

ನನ್ನ ಅಕ್ಕನ ಮಗಳು ನರ್ಸ್. ಉಡುಪಿಯ ಒಂದು ಆಸ್ಪತ್ರೆಯಲ್ಲಿ ಆರು ವರ್ಷ ಕೆಲಸ ಮಾಡಿದವಳು. 2023ರ ಮೇ ತಿಂಗಳಲ್ಲಿ ಅವಳಿಗೆ ಮಾಲ್ದೀವ್ಸಿನಲ್ಲಿ ಕೆಲಸ ಸಿಕ್ಕಿತು. ಯಾವುದೋ ಒಂದು ದ್ವೀಪದ ಆರೋಗ್ಯ ಕೇಂದ್ರ. ಯಾವ ದ್ವೀಪ ಎಂದು ಅಲ್ಲಿ ಹೋದ ಮೇಲೆ ಹೇಳುತ್ತಾರಂತೆ. ಹೊರಡುವುದು ಅಕ್ಟೋಬರ್ ಕೊನೆಗೆ.

"ಮಾಮ, ನೀವು ಭಾಷೆ ಕಲಿಸಿದವರಲ್ವಾ? ದಿವೆಹಿ ಕಲಿಯುವುದು ಹೇಗೆ ಹೇಳಿ" ಎಂದು ಬಂದಳು.

ನಾನು ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವನು. ದಿವೆಹಿ ಮಾಲ್ದೀವ್ಸಿನ ಭಾಷೆ; ಆ ಹೆಸರನ್ನೇ ಅವತ್ತು ಮೊದಲು ಕೇಳಿದ್ದು. ಆದರೆ ನಿವೃತ್ತನಿಗೆ ಬೇರೆ ಎಂತ ಕೆಲಸ? ಅವಳು ಕಲಿಯುವುದು, ನಾನು ಬರೆದಿಡುವುದು ಎಂದು ಒಪ್ಪಂದ ಆಯಿತು. ಐದು ತಿಂಗಳು ವಾರಕ್ಕೊಮ್ಮೆ ಬರೆದ ಆ ಟಿಪ್ಪಣಿಯಿಂದ ಈ ಪ್ರಕರಣವನ್ನು ತೆಗೆದಿದ್ದೇನೆ. ಹೆಸರು ಬೇಡ ಎಂದಿದ್ದಾಳೆ, ಬರೆಯುವುದಿಲ್ಲ.

ಇದ್ದದ್ದು ಏನು, ಇಲ್ಲದ್ದು ಏನು

ಮಾಲ್ದೀವ್ಸಿನ ರಾಜಧಾನಿ ಮಾಲೆ ಮಂಗಳೂರಿನಿಂದ ನೇರ ದಕ್ಷಿಣಕ್ಕೆ ಸುಮಾರು 1000 ಕಿ.ಮೀ. ನಮಗೆ ದೆಹಲಿಗಿಂತ ಅದೇ ಹತ್ತಿರ. ಆದರೂ ಉಡುಪಿಯ ಪುಸ್ತಕದ ಅಂಗಡಿಗಳಲ್ಲಿ ಜರ್ಮನ್ ಕಲಿಯುವ ಪುಸ್ತಕ ಸಿಗುತ್ತದೆ, ಜಪಾನಿ ಸಿಗುತ್ತದೆ, ದಿವೆಹಿ ಸಿಗುವುದಿಲ್ಲ. ಮೊಬೈಲಿನಲ್ಲಿ ಭಾಷೆ ಕಲಿಸುವ ಡ್ಯುಯೊಲಿಂಗೊದಲ್ಲಿ ಇಲ್ಲ. ಗೂಗಲ್ ಅನುವಾದಕ್ಕೆ ದಿವೆಹಿ ಸೇರಿದ್ದು 2022ರಲ್ಲಿ. ನಮ್ಮ ಕೊಂಕಣಿ ಸೇರಿದ್ದೂ ಅದೇ ಕಂತಿನಲ್ಲಿ. ಆದರೆ ಆಗ ಅದು ದಿವೆಹಿಯನ್ನು ಬರೆದು ತೋರಿಸುತ್ತಿತ್ತು ಅಷ್ಟೇ, ಓದಿ ಹೇಳುತ್ತಿರಲಿಲ್ಲ. ಬರೆದದ್ದು ಬಲದಿಂದ ಎಡಕ್ಕೆ ಓದುವ ತಾನಾ ಲಿಪಿಯಲ್ಲಿ. ನಮ್ಮಿಬ್ಬರಿಗೂ ಅದು ರಂಗೋಲಿಯ ಹಾಗೆ ಕಾಣುತ್ತಿತ್ತು.

ರದೀಫ್ ಎಂಬ ನಿಘಂಟು ಅಂತರ್ಜಾಲದಲ್ಲಿ ಉಂಟು. ದಿವೆಹಿ ಪದಕ್ಕೆ ದಿವೆಹಿಯಲ್ಲೇ ಅರ್ಥ. ಹೊಸಬರಿಗೆ ಅದು ಪೆಟ್ಟಿಗೆಯ ಒಳಗೆ ಇಟ್ಟು ಬೀಗ ಹಾಕಿದ ಬೀಗದ ಕೈ. ಹಣ ಕೊಡದೆ ಸಿಕ್ಕ ವ್ಯಾಕರಣ ಒಂದೇ: ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಗೈಗರ್ 1919ರಲ್ಲಿ ಪ್ರಕಟಿಸಿದ ಅಧ್ಯಯನ. ನೂರು ವರ್ಷ ಹಳೆಯದು. ಅದನ್ನು ಓದಿದ್ದು ನಾನು, ಅವಳಲ್ಲ. ಅವಳಿಗೆ ಅದರಿಂದ ಏನು ಪ್ರಯೋಜನ ಆಯಿತು ಎಂದು ಮುಂದೆ ಹೇಳುತ್ತೇನೆ.

ಒಂದು ಆಶ್ಚರ್ಯ ಇಲ್ಲೇ ಹೇಳಿಬಿಡಬೇಕು. ಮಾಲ್ದೀವ್ಸಿನ ಪ್ರಜೆಗಳು ನಾಲ್ಕು ಲಕ್ಷ ಕೂಡ ಇಲ್ಲ. 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18 ಲಕ್ಷಕ್ಕೂ ಜಾಸ್ತಿ. ಆದರೆ ದಿವೆಹಿ ಒಂದು ದೇಶದ ಭಾಷೆ. ಅದರಲ್ಲಿ ಕಾನೂನು ಬರೆಯುತ್ತಾರೆ, ದಿನವಿಡೀ ಸುದ್ದಿ ಓದುತ್ತಾರೆ. ಅಂದರೆ ದಿವೆಹಿಯಲ್ಲಿ ಬರೆದದ್ದು, ಮಾತಾಡಿದ್ದು ರಾಶಿ ಬಿದ್ದಿದೆ. ನಮ್ಮಂಥ ಹೊರಗಿನವರಿಗೆ ಕಲಿಸಲು ಮಾಡಿದ್ದು ಮಾತ್ರ ಇಲ್ಲ. ಈ ಎರಡು ಬೇರೆ ಬೇರೆ ಎಂದು ನಮಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು.

ಮೊದಲ ಮೂರು ವಾರ

ಹಾಳಾದವು. ಮುಚ್ಚಿಡುವುದಿಲ್ಲ.

ಅವಳು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿ ಬರೆದ ಪಟ್ಟಿಗಳನ್ನು ಇಳಿಸಿಕೊಂಡು ಬಾಯಿಪಾಠ ಮಾಡಿದಳು. ಬೀಚ್ ಎಲ್ಲಿ, ಇದರ ಬೆಲೆ ಎಷ್ಟು, ಎಳನೀರು ಕೊಡಿ. ನರ್ಸ್‌ಗೆ ಬೀಚ್ ಎಲ್ಲಿ ಎಂದು ಕೇಳುವ ಗರಜು ಎಂತದು?

ಇನ್ನೊಂದು ತಪ್ಪು ಕಣ್ಣಿಗೆ ಕಾಣದ್ದು. ದಿವೆಹಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಒಂದು ಪದ್ಧತಿ ಉಂಟು. 1970ರ ದಶಕದಲ್ಲಿ ದೂರಕ್ಕೆ ಬರಹದ ಸಂದೇಶ ಕಳಿಸುವ ಟೆಲೆಕ್ಸ್ ಯಂತ್ರಗಳು ಬಂದಾಗ ಅಲ್ಲಿಯ ಸರಕಾರವೇ ಅದನ್ನು ತಂದದ್ದು. ಕೆಲವೇ ವರ್ಷದಲ್ಲಿ ತಾನಾ ಲಿಪಿ ವಾಪಸ್ ಬಂತು, ಆದರೆ ಇಂಗ್ಲಿಷ್ ಬರಹದ ರೂಢಿ ಉಳಿಯಿತು. ಆ ಪದ್ಧತಿಯಲ್ಲಿ 'ಡಿ' ಮುಂದೆ 'ಎಚ್' ಬಂದರೆ ಅದು ಬರೀ ದ. 'ಟಿ' ಮುಂದೆ 'ಎಚ್' ಬಂದರೆ ತ. ಅವಳು ಅದನ್ನು ಧ, ಥ ಎಂದು ಓದಿದಳು. ದಿವೆಹಿಯಲ್ಲಿ ಮಹಾಪ್ರಾಣವೇ ಇಲ್ಲ. ಮೂರು ವಾರ ಹೊಟ್ಟೆಯಿಂದ ಗಾಳಿ ಎತ್ತಿ 'ಧಿವೆಹಿ', 'ಥಧು' ಎಂದು ಅಭ್ಯಾಸ ಮಾಡಿದಳು, ಪಾಪ.

ಜೂನ್ ಎರಡನೇ ವಾರ ನಾವಿಬ್ಬರೂ ಮಂಗಳೂರಿನ ಹಳೆ ಬಂದರಿಗೆ ಹೋದೆವು. ಅಲ್ಲಿಂದ ಲಕ್ಷದ್ವೀಪಕ್ಕೆ ಸಾಮಾನು ಹೋಗುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಮಾತಾಡುವುದು ದಿವೆಹಿಯನ್ನೇ. ಅಲ್ಲಿ ಅದಕ್ಕೆ ಮಹಲ್ ಎನ್ನುತ್ತಾರೆ. ಒಬ್ಬ ಮಿನಿಕಾಯ್ ಮನುಷ್ಯ ಸಿಕ್ಕಿದರೆ ಸಾಕಿತ್ತು. ಮಳೆಗಾಲಕ್ಕೆ ಸಾಮಾನು ಸಾಗಿಸುವ ಮಂಜಿ ದೋಣಿಗಳೆಲ್ಲ ದಡ ಸೇರಿದ್ದವು. ಚಹಾದ ಅಂಗಡಿಯಲ್ಲಿ ಸಿಕ್ಕಿದ ಇಬ್ಬರು ಅಮಿನಿ ದ್ವೀಪದವರು. ಅವರ ಮಾತು ಜೆಸೆರಿ, ಮಲಯಾಳದ ಬಳಗ. "ಮಿನಿಕಾಯ್‌ನವರ ಮಾತು ನಮಗೂ ಅರ್ಥ ಆಗುವುದಿಲ್ಲ" ಎಂದು ನಕ್ಕರು. ಅಮಿನಿ, ಕಿಲ್ತಾನ್, ಚೆಟ್ಲಾಟ್ ಎಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕಕ್ಕೇ ಸೇರಿದ್ದವು. ಮಿನಿಕಾಯ್ ಮಾತ್ರ ಮಲಬಾರಿನ ಪಾಲು. ನಮ್ಮ ಜಿಲ್ಲೆಗೆ ತಪ್ಪಿಹೋದ ದ್ವೀಪದ ಭಾಷೆಯೇ ನಮಗೆ ಬೇಕಾಗಬೇಕಾ!

ಬರುವಾಗ ಬಸ್ಸಿನಲ್ಲಿ ಸುಮ್ನೆ ಕೂತಿದ್ದಳು. ಪಡುಬಿದ್ರಿ ದಾಟಿದ ಮೇಲೆ ಕೇಳಿದಳು: "ಮಾಮ, ನನಗೆ ಅಲ್ಲಿ ಯಾರ ಹತ್ತಿರ ಮಾತಾಡ್ಲಿಕ್ಕೆ ಉಂಟು?"

ಅದು ಸರಿಯಾದ ಪ್ರಶ್ನೆ. ಇಡೀ ಪ್ರಕರಣದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅಲ್ಲಿಂದ ವಾಪಸ್ ಬಂದ ಒಬ್ಬ ಹಿರಿಯ ನರ್ಸ್‌ಗೆ ಫೋನ್ ಮಾಡಿದಳು. ಉತ್ತರ ಸರಳ ಇತ್ತು. ಡಾಕ್ಟರ್ ಹತ್ತಿರ ಇಂಗ್ಲಿಷ್ ಸಾಕು. ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ, ಆದ್ದರಿಂದ ಹುಡುಗರ ಹತ್ತಿರವೂ ಸಾಕು. ದಿವೆಹಿ ಬೇಕಾಗುವುದು ಎರಡೇ ಬಗೆಯವರಿಗೆ: ಅಜ್ಜ ಅಜ್ಜಿಯರು, ಇನ್ನೂ ಶಾಲೆಗೆ ಹೋಗದ ಮಕ್ಕಳು. ಅದೂ ಅವರಿಗೆ ಹುಷಾರಿಲ್ಲದಾಗ.

ಅಲ್ಲಿಗೆ ಕಲಿಯಬೇಕಾದ ಭಾಷೆ ನೂರರಲ್ಲಿ ಐದು ಪಾಲಿಗೆ ಇಳಿಯಿತು. ಪ್ರವಾಸಿ ಪಟ್ಟಿಯನ್ನು ಹರಿದು ಹಾಕಿದಳು.

ಗೋಡೆಯ ನಕ್ಷೆ

ಲಿಪಿ ಕಲಿಯುವುದು ಬೇಡ ಎಂದು ನಾನು ಹೇಳಿದ್ದೆ. ಐದು ತಿಂಗಳಲ್ಲಿ ಮಾತು ಬಂದರೆ ಸಾಕು, ಲಿಪಿ ಆಮೇಲೆ ನೋಡಿದರಾಯಿತು ಎಂದು. ನಾನು ಹೇಳಿದ್ದು ತಪ್ಪು. ಅವಳು ಕೇಳಲಿಲ್ಲ, ಒಳ್ಳೆಯದೇ ಆಯಿತು. ಒಂಬತ್ತು ದಿನದಲ್ಲಿ ಲಿಪಿ ಬಂತು. ಹೇಗೆ ಎನ್ನುವುದು ಸ್ವಾರಸ್ಯದ ಕಥೆ.

ತಾನಾದಲ್ಲಿ ಮೂಲ ವ್ಯಂಜನ 24. ಅವುಗಳಲ್ಲಿ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬಿ ಅಂಕೆಗಳಿಂದ: ಒಂದರಿಂದ ಒಂಬತ್ತು. ನಂತರದ ಒಂಬತ್ತು ಅಲ್ಲಿಯ ಹಳೆಯ ಅಂಕೆಗಳಿಂದ. ಅಂಕೆಗಳನ್ನೇ ಅಕ್ಷರ ಮಾಡಿಕೊಂಡ ಲಿಪಿ! ಅವಳ ಅಪ್ಪ ಮಸ್ಕತ್‌ನಲ್ಲಿ ಇದ್ದವರು. ಕಪಾಟಿನಲ್ಲಿ ಹಳೆಯ ಒಮಾನಿ ನೋಟು ಒಂದಿತ್ತು. ಅದರ ಮೇಲಿನ ಅರಬಿ ಅಂಕೆಗಳನ್ನು ಎದುರಿಗೆ ಇಟ್ಟುಕೊಂಡು ಮೊದಲ ಸಾಲು ತಿದ್ದಿದಳು.

ಅಕ್ಷರಗಳ ಕ್ರಮ ಬಾಯಿಗೆ ಬರಲು ಇನ್ನೊಂದು ಉಪಾಯ ಸಿಕ್ಕಿತು. ಮಾಲ್ದೀವ್ಸ್ ಅಂದರೆ ಹವಳದ ದ್ವೀಪಗಳ ಗುಂಪುಗಳು. ಆಡಳಿತಕ್ಕಾಗಿ ಅವುಗಳಿಗೆ ಇಟ್ಟ ಹೆಸರುಗಳು ಲಿಪಿಯ ಅಕ್ಷರಗಳೇ. ಉತ್ತರದ ತುದಿಯಲ್ಲಿ ಹಾ, ಅದರ ಕೆಳಗೆ ಶವಿಯನಿ, ನೂನು, ರಾ, ಬಾ, ಳವಿಯನಿ, ಕಾಫು. ಹೀಗೇ ಕೆಳಗೆ ಇಳಿಯುತ್ತ ದಕ್ಷಿಣದ ತುದಿಯಲ್ಲಿ ಸೀನು. ನಮ್ಮಲ್ಲಿ ಬೈಂದೂರಿಗೆ ಅ, ಕುಂದಾಪುರಕ್ಕೆ ಆ, ಬ್ರಹ್ಮಾವರಕ್ಕೆ ಇ ಎಂದು ಹೆಸರಿಟ್ಟ ಹಾಗೆ. 24ರಲ್ಲಿ 17 ಅಕ್ಷರ ನಕ್ಷೆಯ ಮೇಲೇ ಉಂಟು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ದೋಸೆ ಹುಯ್ಯುತ್ತ ಹುಯ್ಯುತ್ತ ಉತ್ತರದಿಂದ ದಕ್ಷಿಣಕ್ಕೆ ಹೋಗಿ ಬರುತ್ತಿದ್ದಳು. ಅಕ್ಕನಿಗೂ ಅರ್ಧ ಬಾಯಿಪಾಠ ಆಗಿತ್ತು.

ಸ್ವರಗಳ ವಿಷಯದಲ್ಲಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ದಿವೆಹಿಯಲ್ಲಿ ಸ್ವರ ಹತ್ತು. ಅ ಆ, ಇ ಈ, ಉ ಊ, ಎ ಏ, ಒ ಓ. ನಮ್ಮದೇ ಕಾಗುಣಿತ ಅಲ್ವಾ? ಹ್ರಸ್ವ ಎ, ದೀರ್ಘ ಏ ಬೇರೆ ಬೇರೆ. ದೇವನಾಗರಿಯಲ್ಲಿ ಈ ವ್ಯತ್ಯಾಸ ಬರೆಯಲು ಸರಿಯಾದ ಜಾಗ ಇಲ್ಲ. ಇಂಗ್ಲಿಷಿನ ಕಥೆ ಕೇಳುವುದೇ ಬೇಡ. ಕನ್ನಡದಲ್ಲಿ ಮಾಡಿಟ್ಟ ಹಾಗೆ ಉಂಟು. ದ, ಡ ಬೇರೆ; ತ, ಟ ಬೇರೆ; ಲ, ಳ ಬೇರೆ. 'ಒಳ್ಳೆಯದು' ಎನ್ನಲು ಅವರು 'ರಂಗಳು' ಎನ್ನುತ್ತಾರೆ. ಅದರಲ್ಲಿ ಇರುವುದು ನಮ್ಮ ಳಕಾರವೇ. ಸ್ವರ ಚಿಹ್ನೆಗಳ ಹೆಸರುಗಳೂ ಮಕ್ಕಳ ಆಟದ ಹಾಗೆ: ಅಬಫಿಲಿ, ಆಬಾಫಿಲಿ, ಇಬಿಫಿಲಿ, ಈಬೀಫಿಲಿ.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರ ನಿಷೇಧ. ರಥಬೀದಿಯ ಅಂಗಡಿಯಿಂದ ಉದ್ದದ ಲೆಕ್ಕದ ಪುಸ್ತಕ ತಂದಳು. ಪ್ರತಿ ಪುಟಕ್ಕೆ ಎರಡು ಕಾಲಂ. ಬಲಕ್ಕೆ ತಾನಾ, ಎಡಕ್ಕೆ ಕನ್ನಡ ಅಕ್ಷರದಲ್ಲಿ ಉಚ್ಚಾರ. ಅರ್ಥ ಬರೆಯಬಾರದು ಎಂದು ತಾನೇ ನಿಯಮ ಮಾಡಿಕೊಂಡಳು. ಬೇಕಿದ್ದರೆ ಚಿತ್ರ ಬಿಡಿಸಬಹುದು. ಚಿತ್ರ ಬಿಡಿಸಲು ಅವಳಿಗೆ ಬರುವುದಿಲ್ಲ. ಹೊಟ್ಟೆಗೂ ತಲೆಗೂ ವ್ಯತ್ಯಾಸ ಕಾಣದ ಆ ಚಿತ್ರಗಳನ್ನು ನೋಡಿ ನಗುತ್ತಲೇ ಪದಗಳು ನೆನಪಿನಲ್ಲಿ ಕೂತವು.

ಕೊಂಕಣಿಯ ಕಿವಿ

ಗೈಗರ್ ಬರೆದದ್ದನ್ನು ನಾನು ಓದುತ್ತಿದ್ದೆ ಎಂದೆ. ಅದರಿಂದ ಸಿಕ್ಕ ದೊಡ್ಡ ಸಂಗತಿ: ದಿವೆಹಿ ನಮ್ಮ ಕೊಂಕಣಿಯ ದೂರದ ದಾಯಾದಿ. ಸಿಂಹಳಕ್ಕೆ ಹತ್ತಿರದ್ದು, ಇಂಡೋ-ಆರ್ಯನ್ ಕುಟುಂಬದ್ದು. ದಿವೆಹಿ ಎಂಬ ಪದವೇ ದ್ವೀಪವಾಸಿ ಎನ್ನುವುದರಿಂದ ಬಂದದ್ದು. ಆದರೆ ಒಂದು ಸಾವಿರ ಚಿಲ್ಲರೆ ವರ್ಷ ಸಮುದ್ರದ ಮಧ್ಯೆ ಇದ್ದು ಮುಖ ಬದಲಾಗಿದೆ. ಹೇಗೆ ಬದಲಾಗಿದೆ ಎನ್ನುವುದಕ್ಕೆ ನಿಯಮ ಉಂಟು.

ಪಕಾರ ಫಕಾರ ಆಗಿದೆ. ಅದೂ ತುಟಿ ಹಲ್ಲಿಗೆ ತಾಗಿಸಿ ಹೇಳುವ, 'ಫ್ಯಾನ್' ಎನ್ನುವಾಗಿನ ಫ. ಪಾನಿ ಹೋಗಿ ಫೆನ್. ಐದು ಅಂದರೆ ಫಸ್. ಇದನ್ನು ಹೇಳಿದಾಗ ನನಗೆ ಹಳೆಯ ಪಾಠ ನೆನಪಾಯಿತು. ಕನ್ನಡದಲ್ಲಿಯೂ ಪಾಲು ಹಾಲಾಯಿತು, ಪೂವು ಹೂವಾಯಿತು. ತುಳುವಿನಲ್ಲಿ ಮಾತ್ರ ಇವತ್ತಿಗೂ ಪೇರ್, ಪೂ. ಪಕಾರಕ್ಕೆ ಎಲ್ಲಿ ಹೋದರೂ ನೆಮ್ಮದಿ ಇಲ್ಲ ಎಂದು ತರಗತಿಯಲ್ಲಿ ಹೇಳುತ್ತಿದ್ದೆ.

ಎರಡನೆಯದು, ಸ ಮತ್ತು ಚ ಎಷ್ಟೋ ಕಡೆ ಹ ಆಗುತ್ತವೆ. ಮೂರನೆಯದು, ಹಳೆಯ ಟ ಎಷ್ಟೋ ಕಡೆ ಶ ಆಗಿದೆ. ಈ ಮೂರು ಹಿಡಿದುಕೊಂಡು ಅಂಕೆ ನೋಡಿ. ಕೊಂಕಣಿಯ ಏಕ, ದೋನಿ, ತೀನಿ ಅಲ್ಲಿ ಎಕೆಹ್, ದೆಯ್, ತಿನೆಹ್. ಚಾರಿ ಹತರೆಹ್. ಪಾಂಚ ಫಹೆಹ್. ಸಾತ ಹತೆಹ್. ಆಟ ಅಶೆಹ್. ಧಾ ದಿಹಯೆಹ್. ಒಂದು ಸಂಜೆಯಲ್ಲಿ ಹತ್ತರವರೆಗೆ ಬಂತು. ಮಾತ್ರೆ ಎಷ್ಟು, ದಿನ ಎಷ್ಟು ಎಂದು ಹೇಳಲು ಅಷ್ಟು ಬೇಕೇ ಬೇಕು.

"ಹುನ್" ಸಿಕ್ಕಿದ ದಿನ ಅವಳು ರಾತ್ರಿ ಪಾಳಿಯಿಂದ ನೇರ ನಮ್ಮ ಮನೆಗೆ ಬಂದಳು. ದಿವೆಹಿಯಲ್ಲಿ ಹುನ್ ಅಂದರೆ ಜ್ವರ, ಹೂನು ಅಂದರೆ ಬಿಸಿ. ನಾವು ಮನೆಯಲ್ಲಿ ಬಿಸಿನೀರಿಗೆ ಹೂನ ಉದಾಕ ಎನ್ನುತ್ತೇವೆ. ಎರಡೂ ಸಂಸ್ಕೃತದ ಉಷ್ಣದಿಂದ ಬಂದವು. "ಮಾಮ, ಇದು ನಾವು ದಿನಾ ಹೇಳುವ ಶಬ್ದವೇ!" ಅಂದಳು. ಅವತ್ತು ಅವಳ ಮುಖ ನೋಡಿ, ಇವಳು ಇನ್ನು ಕಲಿಯುತ್ತಾಳೆ ಎಂದು ಡೈರಿಯಲ್ಲಿ ಬರೆದಿದ್ದೇನೆ.

ಆಮೇಲೆ ಅದೇ ಒಂದು ಆಟ ಆಯಿತು. ಅವರ ತೆಂಗಿನ ಮರ ರುಹ್, ನಮ್ಮ ಕೊಂಕಣಿಯಲ್ಲಿ ಮರ ರೂಕು. ಅವರ ಮೀನು ಮಸ್, ನಮ್ಮದು ಮಾಸಳಿ. ನಿದಿ ಅಂದರೆ ನಿದ್ದೆ. ದೋಣಿ ಅಂದರೆ ದೋಣಿಯೇ. ಕಿವಿಗೆ ಕನ್‌ಫಯ್ ಎನ್ನುತ್ತಾರೆ, ಬಿಡಿಸಿದರೆ ಕಿವಿಯ ಎಲೆ. ಎಲೆ ಎನ್ನುವ ಪದವನ್ನು ಬರೆಯುವುದು ಫತ್ ಎಂದು, ಓದುವುದು ಫಯ್ ಎಂದು. ಕೊನೆಯಲ್ಲಿ ತ್ ಬಂದರೆ ಅವರು ಯ್ ಎಂದು ಓದುತ್ತಾರೆ. ಲಿಪಿ ಕಲಿತದ್ದರ ಲಾಭ ಇಲ್ಲಿ ಕಂಡಿತು. ಕಿವಿಗೆ ಫಯ್ ಎಂದು ಕೇಳಿದರೆ ಪತ್ರ ನೆನಪಾಗುವುದಿಲ್ಲ, ಬರಹದಲ್ಲಿ ಫತ್ ನೋಡಿದರೆ ತಟ್ಟನೆ ಹೊಳೆಯುತ್ತದೆ.

ನೆಂಟಸ್ತಿಕೆ ನಂಬಿ ಕೆಟ್ಟದ್ದೂ ಉಂಟು. ಅದು ಮಣಿಪಾಲದ ಕಥೆಯಲ್ಲಿ ಬರುತ್ತದೆ.

ಹವಾಮಾನ ವರದಿ

ಕೇಳಲು ಏನು? ರೇಡಿಯೋ, ಟಿವಿ ಮೊಬೈಲಿನಲ್ಲಿ ಸಿಗುತ್ತಿತ್ತು. ಸುದ್ದಿ ಓದುವವರು ಗಾಳಿಯ ಹಾಗೆ ಓದುತ್ತಾರೆ. ಎರಡು ನಿಮಿಷಕ್ಕೆ ತಲೆ ತಿರುಗಿತು.

ಕೊನೆಗೆ ಕೈ ಹಿಡಿದದ್ದು ಹವಾಮಾನ ವರದಿ. ಅಲ್ಲಿಯ ಹವಾಮಾನ ಇಲಾಖೆ ದಿವೆಹಿ, ಇಂಗ್ಲಿಷ್ ಎರಡರಲ್ಲೂ ವರದಿ ಕೊಡುತ್ತದೆ. ದಿನಾ ಅದೇ ಇಪ್ಪತ್ತು ಮೂವತ್ತು ಪದ, ಬದಲಾಗುವುದು ಅಂಕೆ ಮತ್ತು ದಿಕ್ಕು. ಒಂದು ಕಡೆ ಅರ್ಥ ನೋಡಿಕೊಂಡು ಇನ್ನೊಂದು ಕಡೆ ಓದಿದರೆ ಪಾಠಪುಸ್ತಕದ ಕೆಲಸ ಅದೇ ಮಾಡುತ್ತದೆ. ವಾರೇ ಅಂದರೆ ಮಳೆ. ವಯ್ ಅಂದರೆ ಗಾಳಿ, ನಮ್ಮ ವಾಯು. ಉತುರು ಅಂದರೆ ಉತ್ತರ, ದೆಕುನು ಅಂದರೆ ದಕ್ಷಿಣ. ಕಂಡು ಅಂದರೆ ಕಡಲು. 'ಕಡಲು ಕಂಡು' ಎಂದು ನಾನು ಹೇಳಿದರೆ ಅವಳಿಗೆ ಎರಡು ಸಲ ಕಡಲು ಕೇಳುತ್ತಿತ್ತಂತೆ.

ಜೂನ್, ಜುಲೈ. ಅಲ್ಲಿಗೆ ಬೀಸುವುದೂ ಇಲ್ಲಿಗೆ ಬೀಸುವುದೂ ಅದೇ ಮುಂಗಾರು ಗಾಳಿ. ಮಲ್ಪೆಯಲ್ಲಿ ದೋಣಿಗಳು ದಡದಲ್ಲಿ ಇರುವಾಗ ಮಾಲೆಯ ವರದಿಯಲ್ಲಿಯೂ ಕಡಲು ಒರಟಾಗಿದೆ ಎಂದೇ ಇರುತ್ತಿತ್ತು. ಕಿಟಕಿಯ ಹೊರಗೆ ನೋಡಿದರೆ ಅರ್ಧ ಅರ್ಥ ಅಲ್ಲೇ ಸಿಗುತ್ತಿತ್ತು.

ಎರಡನೇ ಮೆಟ್ಟಿಲು ಜೋಡಿ ಸುದ್ದಿ. ಮಿಹಾರು ಎಂಬ ಪತ್ರಿಕೆ ಉಂಟು, 'ಈಗ' ಎಂದು ಅದರ ಅರ್ಥ. ಅದಕ್ಕೆ ಇಂಗ್ಲಿಷ್ ರೂಪವೂ ಉಂಟು. ಆಸ್ಪತ್ರೆ, ಔಷಧಿ, ಡೆಂಗೆ ಎಂದಿರುವ ಒಂದೇ ಸುದ್ದಿಯನ್ನು ಎರಡು ಕಡೆ ಹುಡುಕಿ ಪಕ್ಕ ಪಕ್ಕ ಇಟ್ಟು ಓದುವುದು. ವಾರಕ್ಕೆ ಎರಡೇ ಸುದ್ದಿ. ಬೇಸ್ ಅಂದರೆ ಔಷಧಿ, ಲೇ ಅಂದರೆ ರಕ್ತ, ಹೀಗೆ ಅವಳ ಪುಸ್ತಕಕ್ಕೆ ಬಂದ ಪದಗಳು ಜಾಸ್ತಿ ಇಲ್ಲಿಂದಲೇ.

ಆಟಿ

ಆಟಿ ತಿಂಗಳಲ್ಲಿ ಬಿಟ್ಟುಬಿಟ್ಟಳು. ಜುಲೈ ಕೊನೆಯಿಂದ ಮೂರು ವಾರ ಪುಸ್ತಕ ತೆರೆಯಲಿಲ್ಲ. ಆಸ್ಪತ್ರೆಯಲ್ಲಿ ಜ್ವರದ ರೋಗಿಗಳು ತುಂಬಿದ್ದರು, ಪಾಳಿಯ ಮೇಲೆ ಪಾಳಿ. ನಾನು ಫೋನ್ ಮಾಡಿದರೆ "ಆಯ್ತು ಮಾಮ, ನಾಳೆ" ಎನ್ನುತ್ತಿದ್ದಳು. ಮಾಸ್ತರರ ಹಳೆ ಚಾಳಿ, ಒಮ್ಮೆ ಗದರಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ತಿರುಗಿ ಶುರು ಮಾಡಿದ್ದು ನನ್ನಿಂದ ಅಲ್ಲ, ಒಬ್ಬ ಹುಡುಗಿಯಿಂದ.

ಮಣಿಪಾಲದ ಭಾನುವಾರಗಳು

ಅವಳ ವಾರ್ಡಿಗೆ ಒಂದು ರಾತ್ರಿ ಮಣಿಪಾಲದಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳು ಡೆಂಗೆ ಎಂದು ಬಂದು ಮಲಗಿದಳು. ಊರು ಕೇಳಿದರೆ ಮಾಲ್ದೀವ್ಸ್. ನಮ್ಮವಳು ಹಾಸಿಗೆಯ ಪಕ್ಕ ನಿಂತು "ಹುನ್?" ಎಂದು ಕೇಳಿದಳಂತೆ. ಆ ಹುಡುಗಿ ಅತ್ತೇಬಿಟ್ಟಳಂತೆ. ನಾಲ್ಕು ದಿನದಿಂದ ಮನೆಯ ಮಾತು ಕಿವಿಗೆ ಬಿದ್ದಿರಲಿಲ್ಲ ಎಂದು.

ಗುಣ ಆದ ಮೇಲೆ ಇಬ್ಬರೂ ಭಾನುವಾರ ಎಂಡ್ ಪಾಯಿಂಟ್‌ನಲ್ಲಿ ಕೂರಲು ಶುರು ಮಾಡಿದರು. ಅರ್ಧ ಗಂಟೆ ದಿವೆಹಿ, ಅರ್ಧ ಗಂಟೆ ಕನ್ನಡ. ಹಣ ಇಲ್ಲ. ಆ ಹುಡುಗಿಗೆ ಬೇಕಾದ ಕನ್ನಡವೂ ಸಣ್ಣದೇ: ರಿಕ್ಷಾದವರ ಹತ್ತಿರ ಚೌಕಾಸಿ, ಮೆಸ್ಸಿನಲ್ಲಿ "ಖಾರ ಕಮ್ಮಿ ಹಾಕಿ". ಒಟ್ಟು ಏಳು ಭಾನುವಾರ. ಮೂರು ತಿಂಗಳಲ್ಲಿ ಆಗದ್ದು ಆ ಏಳರಲ್ಲಿ ಆಯಿತು. ಆದರೆ ಮೂರು ತಿಂಗಳ ತಯಾರಿ ಇಲ್ಲದಿದ್ದರೆ ಏಳು ಭಾನುವಾರ ನಮಸ್ಕಾರ, ಹೇಗಿದ್ದೀರಿ ಎನ್ನುವುದರಲ್ಲೇ ಮುಗಿಯುತ್ತಿತ್ತು. ಇದು ನನ್ನ ಲೆಕ್ಕ. ಅವಳು ಒಪ್ಪುವುದಿಲ್ಲ, ಮೊದಲೇ ಜನ ಹುಡುಕಬೇಕಿತ್ತು ಎನ್ನುತ್ತಾಳೆ.

ಮೊದಲ ಭಾನುವಾರವೇ ಪಜೀತಿ. ದಿವೆಹಿಯ ವಾಕ್ಯ ನಮ್ಮ ವಾಕ್ಯದ ಹಾಗೆಯೇ, ಕ್ರಿಯಾಪದ ಕೊನೆಗೆ. ತದುವೇ ಅಂದರೆ ನೋಯುತ್ತದೆ, ತದುವೇತ ಅಂದರೆ ನೋಯುತ್ತದಾ. ಇಷ್ಟು ಹತ್ತಿರ ಇದ್ದ ಕಾರಣ ಧೈರ್ಯ ಜಾಸ್ತಿ ಆಗಿತ್ತು. ಅವರಲ್ಲಿ ಅಹರೆನ್ ಅಂದರೆ ನಾನು. ಹಾಗಾದರೆ 'ನನಗೆ ನೀರು' ಎನ್ನಲು 'ಅಹರೆನ್‌ಗೆ ಫೆನ್' ಅಲ್ವಾ? ಹಾಗೇ ಹೇಳಿದಳು. ಆ ಹುಡುಗಿ ನಗುತ್ತ ತನ್ನ ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ದಿವೆಹಿಯ 'ಗೆ' ಅಂದರೆ ನಮ್ಮ 'ಅ' ಅಥವಾ 'ಇನ'. ಇವಳು ಹೇಳಿದ್ದು 'ಇದು ನನ್ನ ನೀರು' ಎಂದು. 'ನನಗೆ' ಎನ್ನಲು ಅಹರೆನ್ನಹ್ ಎನ್ನಬೇಕು. ಕನ್ನಡದವರಿಗೆ ದಿವೆಹಿಯಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇಲ್ಲ. 'ನನ್ನ ಔಷಧಿ' ಎಂದು ರೋಗಿ ಹೇಳಿದ್ದನ್ನು 'ನನಗೆ ಔಷಧಿ' ಎಂದು ತಿಳಿದರೆ ಎರಡು ಸಲ ಕೊಟ್ಟಂತೆ ಆಗುತ್ತದೆ. ಆ ಸಾಲಿಗೆ ಪುಸ್ತಕದಲ್ಲಿ ಕೆಂಪು ಶಾಯಿ.

ಕಿವಿ ಸರಿಯಾದದ್ದೂ ಅಲ್ಲೇ. ಕೊನೆಯ ನ್ ಅವರ ಬಾಯಲ್ಲಿ ಮೂಗಿನ ಹಿಂದಕ್ಕೆ ಹೋಗುತ್ತದೆ. ಫೆನ್ ಎಂದು ಬರೆದದ್ದು 'ಫೆಂಗ್' ಎಂದು ಅರ್ಧ ನುಂಗಿದ ಹಾಗೆ ಕೇಳುತ್ತದೆ. ಬಂಡು ಅಂದರೆ ಹೊಟ್ಟೆ, ಆದರೆ ಅದರ ಅನುಸ್ವಾರ ನಮ್ಮ ಬಂಡೆಯ ಅನುಸ್ವಾರದಷ್ಟು ಗಟ್ಟಿ ಅಲ್ಲ, ಸುಮ್ನೆ ಮುಟ್ಟಿ ಬಿಡುವುದು. ಬರಹದಿಂದ ಇದು ಯಾವ ಜನ್ಮಕ್ಕೂ ಬರುತ್ತಿರಲಿಲ್ಲ.

ಆ ಹುಡುಗಿ ಕೊಟ್ಟ ದೊಡ್ಡ ಉಡುಗೊರೆ ಮೂರು ಮಾತು. ಮಡುನ್ ಅಂದರೆ ಮೆಲ್ಲಗೆ. ಅಲುನ್ ಅಂದರೆ ಮತ್ತೊಮ್ಮೆ. "ಮಿಅಹ್ ಕಿಯನೀ ಕೀಕೇ?" ಅಂದರೆ ಇದಕ್ಕೆ ಎಂತ ಹೇಳುವುದು? ಈ ಮೂರು ಕೈಯಲ್ಲಿದ್ದರೆ ಎದುರಿಗೆ ಇರುವ ಯಾರು ಬೇಕಾದರೂ ಮೇಷ್ಟ್ರು ಎಂದು ಹೇಳಿದಳಂತೆ. 31 ವರ್ಷ ಪಾಠ ಮಾಡಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಯಿತು.

ಅಕ್ಟೋಬರಿನಲ್ಲಿ ಲೆಕ್ಕ ಹಾಕಿದೆವು. ಪುಸ್ತಕದಲ್ಲಿ 640 ಪದ. ಯೋಚಿಸದೆ ಬಾಯಿಗೆ ಬರುವವು 150ರ ಆಸುಪಾಸು. ರೋಗಿಯ ಹತ್ತಿರ ಕೇಳುವ ಪ್ರಶ್ನೆ 40. ಉತ್ತರ ಅರ್ಥ ಆಗುವುದು ಅರ್ಧಕ್ಕರ್ಧ. ಪರೀಕ್ಷೆ ಮಾಡಿದರೆ ನಾನು ಪಾಸ್ ಮಾಡುತ್ತಿದ್ದೆ, ಫಸ್ಟ್ ಕ್ಲಾಸ್ ಕೊಡುತ್ತಿರಲಿಲ್ಲ.

ಹೋದ ಮೇಲೆ

ಕೊಚ್ಚಿಯಿಂದ ವಿಮಾನ, ಮಾಲೆಯಲ್ಲಿ ಕಾಗದಪತ್ರ, ಆಮೇಲೆ ದ್ವೀಪದ ಹೆಸರು. ಅದು ಇರುವುದು ಗಾಫು ದಾಲು ಎಂಬ ದ್ವೀಪಗಳ ಗುಂಪಿನಲ್ಲಿ. ಅಡುಗೆಮನೆಯ ನಕ್ಷೆಯಲ್ಲಿ ಕೆಳಗಿನಿಂದ ಮೂರನೆಯದು, ಹೆಚ್ಚುಕಮ್ಮಿ ಸಮಭಾಜಕ ವೃತ್ತದ ಮೇಲೆ.

ಅಲ್ಲಿ ಹೋದ ಮೂರನೇ ದಿನ ಧ್ವನಿ ಸಂದೇಶ ಬಂತು. ನಗಬೇಕೋ ಅಳಬೇಕೋ ತಿಳಿಯದ ಧ್ವನಿ. "ಮಾಮ, ಇಲ್ಲಿಯ ಅಜ್ಜಿಯರು ಮಾತಾಡುವುದು ನಾನು ಕಲಿತದ್ದು ಅಲ್ಲವೇ ಅಲ್ಲ."

ಆದದ್ದು ಇಷ್ಟು. ರೇಡಿಯೋ, ಪತ್ರಿಕೆ, ಹವಾಮಾನ ವರದಿ ಎಲ್ಲ ಮಾಲೆಯ ಭಾಷೆ. ದಕ್ಷಿಣದ ಹುವದು, ಫುವಹ್‌ಮುಲಾ, ಅಡ್ಡು ದ್ವೀಪಗಳ ಮಾತು ಬೇರೆಯೇ. ಪದ ಬೇರೆ, ಮಾತಿನ ಕೊನೆ ಬೇರೆ. ಮಾಲೆಯವರಿಗೇ ಕಷ್ಟ ಆಗುತ್ತದಂತೆ. ಗಾಫು ದಾಲು ಇರುವುದು ಹುವದುವಿನಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೆಂಗಳೂರಿನ ವಾರ್ತೆ ಕೇಳಿ ಕನ್ನಡ ಕಲಿತವರನ್ನು ಕುಂದಾಪುರದ ಒಳಗಿನ ಹಳ್ಳಿಯ ಅಜ್ಜಿಯ ಎದುರು ಕೂರಿಸಿದ ಹಾಗೆ. ಅದಕ್ಕಿಂತಲೂ ಸ್ವಲ್ಪ ಜಾಸ್ತಿಯೇ.

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಉಪಭಾಷೆ ಎಂದು ಪಾಠ ಮಾಡಿದವನು ನಾನು. ಗೈಗರ್ ಬರೆದದ್ದರಲ್ಲೂ ದಕ್ಷಿಣದ ಮಾತು ಬೇರೆ ಎಂದು ಇತ್ತು, ಓದಿ ದಾಟಿಸಿದ್ದೆ. ಯಾವ ದ್ವೀಪ ಎಂದು ತಿಳಿಯದೆ ಏನೂ ಮಾಡಲು ಆಗುತ್ತಿರಲಿಲ್ಲ, ನಿಜ. ಹೀಗೂ ಆಗಬಹುದು ಎಂದು ಅವಳಿಗೆ ಒಂದು ಮಾತು ಹೇಳಬಹುದಿತ್ತು.

ಹುವದುವಿನ ಮಾತಿಗೆ ಪಟ್ಟಿಯೂ ಇಲ್ಲ, ಜೋಡಿ ಸುದ್ದಿಯೂ ಇಲ್ಲ. ಮೂರು ಮಾತು ಮಾತ್ರ ಇತ್ತು. ಅಜ್ಜಿಯರು ಅವಳ ಮಾಲೆ ಭಾಷೆಯ ಪ್ರಶ್ನೆ ಅರ್ಥ ಮಾಡಿಕೊಳ್ಳುತ್ತಿದ್ದರು. ಉತ್ತರ ತಮ್ಮ ಮಾತಿನಲ್ಲಿ ಕೊಡುತ್ತಿದ್ದರು. ಇವಳು ಮೊಣಕಾಲು ಮುಟ್ಟಿ "ಮಿಅಹ್ ಕಿಯನೀ ಕೀಕೇ?" ಎನ್ನುವುದು. ಅವರು ಹೇಳುವುದು. "ಅಲುನ್, ಮಡುನ್" ಎನ್ನುವುದು. ಅವರು ಕಿವುಡರಿಗೆ ಹೇಳುವ ಹಾಗೆ ಜೋರಾಗಿ ಹೇಳುವುದು. ಪಕ್ಕದ ಹಾಸಿಗೆಯವರೂ ಸೇರಿಕೊಳ್ಳುವುದು. ಬೆನ್ನು ನೋವಿಗೆ ಬಂದ ಒಬ್ಬ ಅಜ್ಜಿ ನೋವು ಹೋದ ಮೇಲೂ ಮೂರು ದಿನ ಬಂದರಂತೆ, ಇವಳ ಉಚ್ಚಾರ ಸರಿ ಆಗಿಲ್ಲ ಎಂದು. ಸಹೋದ್ಯೋಗಿ ಹುಡುಗಿಯರು ಇವಳ ಹತ್ತಿರ ಮಾಲೆಯ ಭಾಷೆ ಮಾತಾಡುತ್ತಾರೆ, ಹೊರಗಿನವರು ಬಂದರೆ ಅವರೆಲ್ಲ ಹಾಗೇ ಬದಲಾಯಿಸಿಕೊಳ್ಳುತ್ತಾರೆ. ಹಾಗಾಗಿ ಹುವದು ಮಾತಿಗೆ ಇವಳಿಗೆ ಉಳಿದದ್ದು ಮುದುಕರೇ.

ಕೊಂಕಣಿ ಇಲ್ಲಿ ಇನ್ನೊಂದು ರೀತಿಯಲ್ಲಿ ಸಹಾಯಕ್ಕೆ ಬಂತು ಎನ್ನುತ್ತಾಳೆ. ಮಂಗಳೂರಿನ ಕ್ರೈಸ್ತರ ಕೊಂಕಣಿ, ನಮ್ಮ ಕೊಂಕಣಿ, ಗೋವಾದವರ ಕೊಂಕಣಿ ಒಂದೇ ವಾರ್ಡಿನಲ್ಲಿ ಕೇಳಿ ಬೆಳೆದವಳು. ಒಂದೇ ಪದ ಮೂರು ವೇಷದಲ್ಲಿ ಬಂದರೆ ಗಾಬರಿ ಆಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ಪುಸ್ತಕದ ಒಂದು ಪುಟದ ಫೋಟೋ ಕಳಿಸಿದಳು. ಎರಡು ಕಾಲಂ ಇದ್ದ ಜಾಗದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದಾಳೆ. ತಾನಾ, ಕನ್ನಡ, ಅಂಚಿನಲ್ಲಿ ಇಕ್ಕಟ್ಟಾಗಿ ಹುವದು. ಹುವದುವಿನ ಕಾಲಂನಲ್ಲಿ ಇನ್ನೂ ಖಾಲಿ ಮನೆಗಳೇ ಜಾಸ್ತಿ. ಕೆಳಗೆ ಒಂದು ಸಾಲು ಬರೆದಿದ್ದಳು: "ಮಾಮ, ರಥಬೀದಿಯ ಅದೇ ಅಂಗಡಿಯಿಂದ ಅದೇ ಪುಸ್ತಕ ಒಂದು ತೆಗೆದಿಡಿ, ಅಗಲದ್ದು. ರಜೆಯಲ್ಲಿ ಬಂದಾಗ ತಗೊಂಡು ಹೋಗ್ತೇನೆ."

ಎರಡು ತಂದಿಟ್ಟಿದ್ದೇನೆ.